ಮಾರ್ಪಾಡು ಮಾಡಿದ ಹಳೇ ಪಿಕಪ್: ದೋಷ ಹುಡುಕುವ ಕೈಪಿಡಿ

ಸೆಲ್ಫ್ ಹೊಡೆದರೆ ಎಂಜಿನ್ ಎಳೆದಾಡುತ್ತಾ ತಿರುಗುತ್ತದೆ. ಹೊಸ ಬ್ಯಾಟರಿ ಹಾಕುತ್ತೀರಿ, ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ರಾಗ. ಸೆಲ್ಫ್ ಮೋಟಾರ್ ಬಿಚ್ಚಿಸುತ್ತೀರಿ, ಆಲ್ಟರ್ನೇಟರ್ ಬದಲಾಯಿಸುತ್ತೀರಿ, ದುಡ್ಡು ಹೋಗುತ್ತದೆ, ದೋಷ ಮಾತ್ರ ಅಲ್ಲೇ ಕೂತಿರುತ್ತದೆ. ಹಳೇ ಪಿಕಪ್, ಅದರಲ್ಲೂ ಎತ್ತರಿಸಿದ, ದೊಡ್ಡ ಟೈರ್ ಹಾಕಿದ, ಎಕ್ಸ್‌ಟ್ರಾ ಲೈಟು, ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ), ಆಂಪ್ಲಿಫೈಯರ್ ಅಂತ ಏನೇನೋ ಕೂರಿಸಿದ ಪಿಕಪ್ ಇಟ್ಟುಕೊಂಡವರಿಗೆ ಈ ಪಾಡು ಚೆನ್ನಾಗಿ ಗೊತ್ತಿರುತ್ತದೆ.

ಇಂಥ ಗಾಡಿಗೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕಂಪನಿ ಹಾಕಿದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಿ. ಹುಡುಕಾಟ ಶುರುವಾಗಬೇಕಾದ್ದು ಸೇರಿಸಿದ್ದರಿಂದ, ಅದರಲ್ಲೂ ಹಳೆಯದೂ ಹೊಸದೂ ಒಂದನ್ನೊಂದು ಮುಟ್ಟುವ ಜಾಗದಿಂದ. ಕಂಪನಿ ಗಾಡಿ ಹಳೆಯದಾದಾಗ ಎಲ್ಲೆಲ್ಲಿ ಸವೆಯುತ್ತದೆ ಅಂತ ಸರ್ವಿಸ್ ಕೈಪಿಡಿಯಲ್ಲಿ ಬರೆದಿರುತ್ತಾರೆ. ಯಾರೋ ಆಮೇಲೆ ಎಳೆದ ವೈರು, ಎತ್ತರಿಸಲು ಕೂರಿಸಿದ ಬ್ಲಾಕು, ಕತ್ತರಿಸಿದ ಬ್ರ್ಯಾಕೆಟ್ಟು ಯಾವ ಕೈಪಿಡಿಯಲ್ಲೂ ಇರುವುದಿಲ್ಲ, ಅದನ್ನು ನಾವೇ ಬರೆದುಕೊಳ್ಳಬೇಕು.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಹಾಳೆ ಹಿಡಿಯಿರಿ. ಬ್ಯಾಟರಿಯಿಂದ ಶುರು ಮಾಡಿ. ಪಾಸಿಟಿವ್ ಕಂಬಕ್ಕೆ (ಬ್ಯಾಟರಿಯ ಮೇಲಿನ ಗೂಟಕ್ಕೆ) ಎಷ್ಟು ವೈರು ಬಂದು ಸೇರಿವೆ, ಒಂದೊಂದೂ ಎಲ್ಲಿಗೆ ಹೋಗುತ್ತದೆ, ಫ್ಯೂಸ್ ಇದೆಯಾ ಇಲ್ಲವಾ, ಎಲ್ಲಾ ಬರೆಯಿರಿ. ಆಮೇಲೆ ಗಾಡಿಯ ಕೆಳಗೆ ಹೋಗಿ ಸಸ್ಪೆನ್ಷನ್‌ನಲ್ಲಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ, ಬ್ರೇಕ್ ಪೈಪಿನಲ್ಲಿ ಏನು ಬದಲಾಗಿದೆ ನೋಡಿ. ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿಯಾದರೆ ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಬಹುದು. ಆ ಅರ್ಧ ದಿನ ಖಂಡಿತ ವಾಪಸ್ ಸಿಗುತ್ತದೆ.

ಬೇಕಾಗುವ ಸಾಮಾನು ಜಾಸ್ತಿಯೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಒಳ್ಳೇ ಟಾರ್ಚು, ಮತ್ತೆ ಗಾಡಿಯ ತೂಕ ತಡೆಯುವ ಎರಡು ಜಾಕ್ ಸ್ಟ್ಯಾಂಡು. ಸ್ಟ್ಯಾಂಡಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಎತ್ತರಿಸಿದ ಗಾಡಿಗೆ ಕಂಪನಿ ಕೊಟ್ಟ ಜಾಕಿ ಸಾಲುವುದಿಲ್ಲ, ಆಗ ಜನ ಮರದ ತುಂಡುಗಳನ್ನು ಒಂದರ ಮೇಲೊಂದಿಟ್ಟು ಜಾಕಿ ಏರಿಸುತ್ತಾರೆ. ಅದು ಜಾರುವುದಕ್ಕೆ ಒಂದು ಕ್ಷಣ ಸಾಕು. ಹಿಂದಿನ ಚಕ್ರ ಮೇಲೆದ್ದಾಗ ಹ್ಯಾಂಡ್‌ಬ್ರೇಕ್ ಕೂಡ ಗಾಡಿಯನ್ನು ಹಿಡಿಯುವುದಿಲ್ಲ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಲೇಬೇಕು. ಜಾಕಿಯ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ.

ಸೆಲ್ಫ್ ಎಳೆಯುತ್ತಿಲ್ಲ

ಮೊದಲು ಬ್ಯಾಟರಿ ನೋಡಿಬಿಡೋಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಏನನ್ನೂ ಆನ್ ಮಾಡದೆ, ಎರಡು ಕಂಬಗಳ ನಡುವೆ ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಅಷ್ಟೇ ಉಳಿದಿದೆ. ಈಗಷ್ಟೇ ಓಡಿಸಿ ನಿಲ್ಲಿಸಿದ ಗಾಡಿಯಲ್ಲಿ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಿದ್ದರೆ ಹೆಡ್‌ಲೈಟ್ ಒಂದೆರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮತ್ತೆ ಅಲ್ಲೇ ಅಳೆಯಿರಿ. ತುಂಬಿದ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಒಂದೋ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಅದೇ ವೋಲ್ಟೇಜ್ 10.5ರ ಮೇಲೆ ನಿಂತಿದ್ದೂ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಕತೆ ಬೇರೆ. ಬ್ಯಾಟರಿ ಕೊಡಲು ತಯಾರಿದೆ, ಕರೆಂಟ್ ಮಾತ್ರ ದಾರಿಯಲ್ಲಿ ಎಲ್ಲೋ ಸಿಕ್ಕಿಬಿದ್ದಿದೆ. ಮಾರ್ಪಾಡು ಮಾಡಿದ ಗಾಡಿಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ.

ದಾರಿ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಲು ವೋಲ್ಟೇಜ್ ಡ್ರಾಪ್ (ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅನ್ನುವ) ಪರೀಕ್ಷೆಗಿಂತ ಒಳ್ಳೇದು ಇನ್ನೊಂದಿಲ್ಲ, ಆದರೂ ಮನೆಯಲ್ಲಿ ಕೆಲಸ ಮಾಡುವವರು ಇದನ್ನು ಮಾಡುವುದೇ ಕಡಿಮೆ. ಎಂಜಿನ್ ಸ್ಟಾರ್ಟ್ ಆಗದ ಹಾಗೆ ನೋಡಿಕೊಳ್ಳಿ. ಹಳೇ ಡೀಸೆಲ್ ಆದರೆ ಪಂಪಿನಲ್ಲಿ ಡೀಸೆಲ್ ತಡೆಯುವ ಸ್ಟಾಪ್ ಸೊಲೆನಾಯ್ಡ್ ವೈರು ತೆಗೆಯಿರಿ, ಪೆಟ್ರೋಲ್ ಇಂಜೆಕ್ಷನ್ ಆದರೆ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನೇ ಸಾಯುವವರೆಗೆ ಓಡಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಪೇಂಟಿಲ್ಲದ ಲೋಹದ ಮೇಲೆ. ಕಂಬ ಅಂದರೆ ಕಂಬವೇ, ಅದರ ಮೇಲಿನ ಕ್ಲ್ಯಾಂಪ್ ಅಲ್ಲ, ಯಾಕಂದರೆ ದೋಷ ಎಷ್ಟೋ ಸಲ ಆ ಎರಡರ ನಡುವೆಯೇ ಇರುತ್ತದೆ. ಈಗ ಸೆಲ್ಫ್ ಹೊಡೆಸಿ. 0.2 ವೋಲ್ಟ್‌ನೊಳಗೆ ಇದ್ದರೆ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಅಷ್ಟು ಶಕ್ತಿ ಅರ್ಥ್ ಪಟ್ಟಿಯಲ್ಲೇ ಬಿಸಿಯಾಗಿ ಪೋಲಾಗುತ್ತಿದೆ. ಇದೇ ರೀತಿ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಅಳೆಯಿರಿ, ಅಲ್ಲಿ 0.5 ದಾಟಬಾರದು.

ಓಮ್‌ಗೆ ಇಟ್ಟು ಅಳೆದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಸೆಲ್ಫ್ 200 ಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಬರೀ 0.005 ಓಮ್ ತಡೆ ಇದ್ದರೂ ಒಂದು ಪೂರ್ತಿ ವೋಲ್ಟ್ ಅಲ್ಲೇ ಹೋಯಿತು. ಸಾಮಾನ್ಯ ಮೀಟರ್ ಅಷ್ಟು ಚಿಕ್ಕ ತಡೆಯನ್ನು ತೋರಿಸುವುದೇ ಇಲ್ಲ. ನೂರಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ಕೇಬಲ್ ಕೂಡ ಮೀಟರಿನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಭಾರ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಿಕಪ್‌ನಲ್ಲಿ ಎಂಜಿನ್, ಚಾಸಿ, ಕ್ಯಾಬಿನ್ ಮೂರೂ ಬೇರೆ ಬೇರೆ. ಮೂರರ ನಡುವೆಯೂ ರಬ್ಬರ್ ಇದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಬ್ಯಾಟರಿಯಿಂದ ಎಂಜಿನ್‌ಗೆ, ಎಂಜಿನ್‌ನಿಂದ ಚಾಸಿಗೆ, ಅಲ್ಲಿಂದ ಕ್ಯಾಬಿನ್‌ಗೆ ಹೆಣೆದ ತಾಮ್ರದ ಪಟ್ಟಿಗಳನ್ನು ಹಾಕಿರುತ್ತಾರೆ. ಬಾಡಿ ಲಿಫ್ಟ್ ಮಾಡಿದಾಗ, ಅಂದರೆ ಚಾಸಿಗೂ ಬಾಡಿಗೂ ನಡುವೆ ತುಂಡು ಕೂರಿಸಿ ಎತ್ತರಿಸಿದಾಗ, ಕ್ಯಾಬಿನ್ ಮೇಲೇರುತ್ತದೆ, ಪಟ್ಟಿ ಮಾತ್ರ ಹಳೇ ಉದ್ದದ್ದೇ. ಅದು ಬಿಗಿದುಕೊಂಡು ಲಗ್ (ತುದಿಯ ಲೋಹದ ಬಳೆ) ಹತ್ತಿರ ಒಂದೊಂದೇ ಎಳೆ ಕಡಿಯುತ್ತಾ ಹೋಗುತ್ತದೆ. ಎಂಜಿನ್ ಇಳಿಸಿ ಕೂರಿಸುವಾಗ ಪಟ್ಟಿಯನ್ನು ವಾಪಸ್ ಹಾಕದೇ ಬಿಟ್ಟಿರುವುದೂ ಉಂಟು. ಆಗ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಗೇರ್ ಲಿವರ್ ರಾಡು, ಏನು ಸಿಕ್ಕರೂ ಸರಿ. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿ ಬೆಚ್ಚಗಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಅರ್ಥ್ ಪಟ್ಟಿ ಹೋಗಿದೆ.

ಹಿಂದಿನ ಲೈಟುಗಳಲ್ಲೂ ಇದೇ ಕತೆ ಕಾಣಿಸುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ಮಿಣುಕುತ್ತದೆ. ನೋಡುವವರಿಗೆ ವೈರಿಂಗ್ ಪೂರ್ತಿ ಹಾಳಾಗಿದೆ ಅನ್ನಿಸುತ್ತದೆ. ಆ ಲ್ಯಾಂಪಿನ ಅರ್ಥ್ ಕೈಬಿಟ್ಟಿದೆ, ಕರೆಂಟ್ ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗುತ್ತಿದೆ, ಅಷ್ಟೇ. ಹಿಂದಿನ ತೊಟ್ಟಿ ಬದಲಾಯಿಸಿ ಸಪಾಟು ಹಲಗೆ ಕೂರಿಸಿದ ಪಿಕಪ್‌ಗಳಲ್ಲಿ ಲ್ಯಾಂಪಿನ ಅರ್ಥ್ ಪೇಂಟಿನ ಮೇಲೋ ಮರದ ಮೇಲೋ ಕೂತಿರುತ್ತದೆ. ಲ್ಯಾಂಪಿನಿಂದ ಚಾಸಿಗೆ ನೇರ ಒಂದು ವೈರು ಎಳೆದು, ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು, ಬಿಗಿದ ಮೇಲೆ ಗ್ರೀಸ್ ಹಚ್ಚಿದರೆ ಕೆಲಸ ಮುಗಿಯಿತು.

ಬ್ಯಾಟರಿ ತಾನಾಗಿಯೇ ಖಾಲಿಯಾಗುತ್ತಿದೆ

ಎಂಜಿನ್ ಓಡುವಾಗ ಕಂಬಗಳ ನಡುವೆ 13.8ರಿಂದ 14.5 ವೋಲ್ಟ್ ಆಸುಪಾಸು ಇದ್ದರೆ ಚಾರ್ಜಿಂಗ್ ಸರಿಯಾಗಿದೆ. ಹಾಗಿದ್ದೂ ಬೆಳಗ್ಗೆ ಬ್ಯಾಟರಿ ಇಳಿದಿದ್ದರೆ, ಕೀ ತೆಗೆದ ಮೇಲೂ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ.

ಲೆಕ್ಕ ಸುಲಭ. ಕಾರ್ ಗಡಿಯಾರ, ರೇಡಿಯೋ ಮೆಮೊರಿ ಎಲ್ಲಾ ಸೇರಿ 50 ಮಿಲಿಆಂಪ್‌ನೊಳಗೆ ಇರಬೇಕು. ಅರ್ಧ ಆಂಪ್ ಸೋರುತ್ತಿದ್ದರೆ 60 ಆಂಪ್-ಅವರ್ ಬ್ಯಾಟರಿ 120 ಗಂಟೆಯಲ್ಲಿ, ಅಂದರೆ ಐದು ದಿನದಲ್ಲಿ ಪೂರ್ತಿ ಖಾಲಿ. ಆದರೆ ದೊಡ್ಡ ಡೀಸೆಲ್ ಎಂಜಿನ್ ತಿರುಗಿಸಲು ಆಗದ ಸ್ಥಿತಿ ಅದಕ್ಕಿಂತ ಎಷ್ಟೋ ಮುಂಚೆ ಬರುತ್ತದೆ. ದಿನಾ ಓಡಿಸುವವರಿಗೆ ಈ ಸೋರಿಕೆ ಗೊತ್ತೇ ಆಗುವುದಿಲ್ಲ, ಎರಡು ಮೂರು ದಿನ ನಿಲ್ಲಿಸಿದಾಗ ಮಾತ್ರ ತಿಳಿಯುತ್ತದೆ.

ಅಳೆಯುವುದು ಹೀಗೆ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ. ಬಾನೆಟ್ ತೆರೆದಿಟ್ಟು, ಬಾಗಿಲ ಸ್ವಿಚ್ಚನ್ನು ಒತ್ತಿ ಕಟ್ಟಿಬಿಡಿ, ಇಲ್ಲಾಂದ್ರೆ ಒಳಗಿನ ಲೈಟಿನ ಕರೆಂಟೂ ಲೆಕ್ಕಕ್ಕೆ ಬರುತ್ತದೆ. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರ್ ಸೇರಿಸಿ. ಹೀಗಿರುವಾಗ ಸೆಲ್ಫ್ ಹೊಡೆಯುವುದು, ಹೆಡ್‌ಲೈಟ್ ಹಾಕುವುದು ಮಾಡಿದರೆ ಮೀಟರಿನ ಫ್ಯೂಸ್ ಹಾರುತ್ತದೆ. ಕಂಪ್ಯೂಟರ್ ಇರುವ ಗಾಡಿಯಾದರೆ ಅರ್ಧ ಗಂಟೆ, ಒಂದು ಗಂಟೆ ಸುಮ್ನೆ ಬಿಡಿ, ಅವು ಮಲಗಿಕೊಳ್ಳಲು ಅಷ್ಟು ಹೊತ್ತು ಬೇಕು.

ಈಗ ಸಂಖ್ಯೆ ಜಾಸ್ತಿ ಇದೆಯಾ? ಫ್ಯೂಸ್ ಬಾಕ್ಸಿಗೆ ಹೋಗುವ ಆಸೆ ಬರುತ್ತದೆ, ತಡೆಯಿರಿ. ಹಾಳೆಯಲ್ಲಿ ಬರೆದಿಟ್ಟ, ಬ್ಯಾಟರಿ ಕಂಬಕ್ಕೆ ನೇರ ಬಂದಿರುವ ಹೆಚ್ಚುವರಿ ವೈರುಗಳನ್ನು ಮೊದಲು ಒಂದೊಂದಾಗಿ ಬಿಚ್ಚಿ. ಅವು ಯಾವುವೂ ಕಂಪನಿಯ ಫ್ಯೂಸ್ ಬಾಕ್ಸ್ ದಾಟಿ ಬಂದಿರುವುದಿಲ್ಲ, ಆದ್ದರಿಂದ ಆ ಬಾಕ್ಸಿನ ಫ್ಯೂಸುಗಳನ್ನೆಲ್ಲಾ ಕಿತ್ತರೂ ಸಂಖ್ಯೆ ಇಳಿಯುವುದಿಲ್ಲ. ಯಾವ ವೈರು ಬಿಚ್ಚಿದಾಗ ಮೀಟರ್ ಧಡಕ್ಕನೆ ಕೆಳಗಿಳಿಯಿತೋ ಕಳ್ಳ ಆ ವೈರಿನ ಕೊನೆಯಲ್ಲಿದ್ದಾನೆ. ಯಾವುದಕ್ಕೂ ಇಳಿಯದಿದ್ದರೆ ಆಮೇಲೆ ಫ್ಯೂಸ್ ಬಾಕ್ಸು. ಅಲ್ಲೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರು. ಕರೆಂಟನ್ನು ಒಂದೇ ಕಡೆ ಬಿಡುವ ಒಳಗಿನ ಡಯೋಡ್ ಸುಟ್ಟರೆ ನಿಂತ ಗಾಡಿಯಲ್ಲೂ ಆ ದಾರಿಯಲ್ಲಿ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಆ ವೈರು ಸದಾ ಜೀವಂತ, ಅದನ್ನು ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದಿರಲೇಬೇಕು, ಬಿಚ್ಚಿ ತುದಿಗೆ ಟೇಪ್ ಸುತ್ತಿದ ಮೇಲೆ ಮೀಟರನ್ನು ಮತ್ತೆ ಸೇರಿಸಿ.

ನಾನು ಹೆಚ್ಚಾಗಿ ಕಂಡಿರುವ ಕಳ್ಳರು ಕೆಲವೇ ಕೆಲವು. ಆಂಪ್ಲಿಫೈಯರನ್ನು ಆನ್ ಮಾಡುವ ರಿಮೋಟ್ ವೈರನ್ನು ಸದಾ ಪವರ್ ಇರುವ ಕಡೆ ಕೊಟ್ಟಿರುತ್ತಾರೆ, ಹಾಡು ನಿಂತರೂ ಆಂಪ್ಲಿಫೈಯರ್ ಎಚ್ಚರವಾಗಿರುತ್ತದೆ. ಡ್ಯಾಶ್ ಕ್ಯಾಮೆರಾವನ್ನೋ ಮೊಬೈಲ್ ಚಾರ್ಜರನ್ನೋ ಕೀ ಇಲ್ಲದೆಯೂ ಓಡುವ ಹಾಗೆ ಸೇರಿಸಿರುತ್ತಾರೆ. ಎರಡನೇ ಬ್ಯಾಟರಿ ಇದ್ದರೆ ಎರಡನ್ನೂ ಬೇರೆ ಮಾಡಬೇಕಾದ ರಿಲೇ (ಕರೆಂಟಿನಿಂದ ತಾನೇ ಸೇರಿ ಬಿಡುವ ಸ್ವಿಚ್ಚು) ಅಂಟಿಕೊಂಡಿರುತ್ತದೆ. ಈ ರಿಲೇಗಳಲ್ಲಿ ಎಷ್ಟೋ 13.3 ವೋಲ್ಟ್ ಸುಮಾರಿಗೆ ಸೇರಿಕೊಂಡು 12.8ಕ್ಕೆ ಬಿಡುತ್ತವೆ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೂ, ಫ್ರಿಜ್ ತರಹ ಏನಾದರೂ ಎರಡನೇ ಬ್ಯಾಟರಿಯಿಂದ ಓಡುತ್ತಿರುವಾಗ, ಎರಡೂ ಬ್ಯಾಟರಿ ಒಂದೇ ವೋಲ್ಟೇಜಿನಲ್ಲಿ ಜೊತೆಗೇ ಇಳಿಯುತ್ತಿದ್ದರೆ ರಿಲೇ ಬಿಟ್ಟಿಲ್ಲ ಅಂತಲೇ ಅರ್ಥ.

ಎಕ್ಸ್‌ಟ್ರಾ ಲೈಟಿನ ರಿಲೇ ಕೂಡ ನೋಡಿ. ಅದರ ಕಾಲುಗಳ ನಂಬರಿನಲ್ಲಿ 30 ಅಂದರೆ ಬ್ಯಾಟರಿಯಿಂದ ಬರುವುದು, 87 ಲೈಟಿಗೆ ಹೋಗುವುದು, 85 ಮತ್ತು 86 ಒಳಗಿನ ಕಾಯಿಲ್. ಕಾಯಿಲ್ ತಾನೇ ಸುಮಾರು 150 ಮಿಲಿಆಂಪ್ ಎಳೆಯುತ್ತದೆ. ಸ್ವಿಚ್ಚನ್ನು ಲೈಟಿನ ಕಡೆ ಹಾಕಿ ಕಾಯಿಲ್‌ಗೆ ಸದಾ ಪವರ್ ಕೊಟ್ಟಿದ್ದರೆ, ಲೈಟು ಉರಿಯದಿದ್ದರೂ ದಿನಕ್ಕೆ 3.6 ಆಂಪ್-ಅವರ್ ಹೋಗುತ್ತಿರುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ರಿಲೇಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿರುವುದು ಕೆಲಸ ಮಾಡುತ್ತಿದೆ.

ಸೇರಿಸಿದ ವೈರಿನ ಜೋಡಣೆಗಳನ್ನು ಬರೀ ಕಣ್ಣಲ್ಲಿ ನೋಡಿ ಬಿಟ್ಟರೆ ಸಾಲದು. ವೈರು ಕತ್ತರಿಸದೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ ಇರುತ್ತದಲ್ಲ, ಅದರೊಳಗಿನ ಲೋಹದ ತಗಡು ವೈರಿನ ಸಿಪ್ಪೆ ಸೀಳುವಾಗ ಕೆಲವು ಎಳೆಗಳನ್ನೂ ಕಡಿಯುತ್ತದೆ. ಆ ಸೀಳಿನಿಂದ ನೀರು ಒಳಗೆ ಇಳಿಯುತ್ತದೆ. ಕ್ಲಿಪ್ಪಿನಿಂದ ಒಂದು ಗೇಣು ಆಚೆ ವೈರನ್ನು ಬೆರಳಲ್ಲಿ ಮಣಿಸಿ. ಒಳ್ಳೇ ವೈರು ಮೆತ್ತಗೆ ಬಾಗುತ್ತದೆ. ಒಳಗೆ ತುಕ್ಕು ಹಿಡಿದದ್ದು ಮರಳು ತುಂಬಿದ ಹಾಗೆ ಕರಕರ ಅನ್ನುತ್ತದೆ, ಸಿಪ್ಪೆ ತೆಗೆದರೆ ಕೆಂಪು ತಾಮ್ರದ ಬದಲು ಹಸಿರು ಪುಡಿ ಉದುರುತ್ತದೆ. ಇಂಥದ್ದಕ್ಕೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಸರಿಯಾದ ಅಳತೆಯ ಲಗ್ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಬಿಸಿ ಮಾಡಿದರೆ ಕುಗ್ಗುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ.

ಇದೇ ಕೆಲಸದಲ್ಲಿ ಫ್ಯೂಸುಗಳನ್ನೂ ಸರಿ ಮಾಡಿಬಿಡಿ. ಫ್ಯೂಸ್ ಇರುವುದು ವೈರನ್ನು ಕಾಪಾಡಲು, ಲೈಟನ್ನು ಕಾಪಾಡಲು ಅಲ್ಲ. ಅದಕ್ಕೇ ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರು ಎಲ್ಲಾದರೂ ಚಾಸಿಗೆ ಉಜ್ಜಿ ಶಾರ್ಟ್ ಆದಾಗ ತಡೆಯುವವರೇ ಇರುವುದಿಲ್ಲ, ಗಾಡಿ ಹೊತ್ತಿಕೊಳ್ಳುತ್ತದೆ. 55 ವ್ಯಾಟಿನ ಎರಡು ಬಲ್ಬು 12 ವೋಲ್ಟ್‌ನಲ್ಲಿ ಹೆಚ್ಚುಕಮ್ಮಿ 9 ಆಂಪ್ ಎಳೆಯುತ್ತವೆ, 15 ಆಂಪ್ ಫ್ಯೂಸ್ ಸಾಕು. ಅಲ್ಲಿ 30 ಕಂಡರೆ, ಹಿಂದೆ ಫ್ಯೂಸ್ ಹಾರುತ್ತಿತ್ತು, ಕಾರಣ ಹುಡುಕದೆ ದೊಡ್ಡದು ಹಾಕಿದ್ದಾರೆ ಅಂತ ತಿಳಿಯಿರಿ. ಆ ಕಾರಣ ಇನ್ನೂ ಅಲ್ಲೇ ಇದೆ.

ಸೆಲ್ಫ್ ಜೋರಾಗಿ ತಿರುಗುತ್ತದೆ, ಡೀಸೆಲ್ ಸ್ಟಾರ್ಟ್ ಆಗುವುದಿಲ್ಲ

ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಚಳಿಯಲ್ಲಿ ಮಾತ್ರ ಹೀಗಾದರೆ, ಸ್ಟಾರ್ಟ್ ಮಾಡಲು ಸಿಲಿಂಡರಿನ ಒಳಗೆ ಕಾಯಿಸುವ ಹೀಟರ್ ಪ್ಲಗ್ ಕಡೆ ಹೋಗಿ. ಪ್ಲಗ್‌ಗಳನ್ನು ಸೇರಿಸುವ ಪಟ್ಟಿಯನ್ನು ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ ಬ್ಯಾಟರಿ ಪಾಸಿಟಿವ್‌ಗೆ ಕೊಟ್ಟು, ತುದಿಯನ್ನು ಒಂದೊಂದು ಪ್ಲಗ್‌ಗೆ ಮುಟ್ಟಿಸಿ. ಲ್ಯಾಂಪ್ ಹೊತ್ತದ ಪ್ಲಗ್ ಸತ್ತಿದೆ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯಬೇಡಿ, ಕಾದ ಪ್ಲಗ್ ತಗುಲಿ ಒಳಗೇ ಸಿಡಿದರೆ ಪಿಸ್ಟನ್ ಒಡೆಯಬಹುದು.

ಹೊಗೆಯೇ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ. ಹಳೇ ಗಾಡಿಯಲ್ಲಿ ಇದಕ್ಕೆ ಮಾಮೂಲಿ ಕಾರಣ ಲೈನಿನಲ್ಲಿ ಏರ್. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲನ್ನು ಎಳೆದುಕೊಳ್ಳುವ ಲೈನ್ ಅದು, ಒತ್ತಿ ಕಳಿಸುವುದಲ್ಲ. ಅಲ್ಲಿ ಪೈಪ್ ಬಿರಿದಿದ್ದರೆ ಹೊರಗೆ ತೊಟ್ಟೂ ಬೀಳದೆ ಗಾಳಿ ಒಳಗೆ ಹೋಗಬಹುದು. ನೆಲ ಒಣಗಿದೆ, ಸೋರಿಕೆ ಇಲ್ಲ ಅಂತ ಜನ ಮುಂದಕ್ಕೆ ಹೋಗಿಬಿಡುತ್ತಾರೆ, ದೋಷ ಅಲ್ಲೇ ಉಳಿಯುತ್ತದೆ.

ಇದಕ್ಕೆ ಸಾಮಾನೇ ಬೇಡದ ಒಂದು ಪರೀಕ್ಷೆ ಇದೆ. ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಟ್ಯಾಂಕ್ ಹಿಂದಿರುವುದರಿಂದ ಅದು ಪಂಪಿಗಿಂತ ಮೇಲಾಗುತ್ತದೆ, ಡೀಸೆಲ್ ಹಿಂದಕ್ಕೆ ಇಳಿಯುವುದಿಲ್ಲ. ಬೆಳಗ್ಗೆ ಥಟ್ಟನೆ ಸ್ಟಾರ್ಟ್ ಆದರೆ, ಮರುದಿನ ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ ಸತಾಯಿಸಿದರೆ, ಎಳೆಯುವ ಕಡೆ ಗಾಳಿ ಹೊಗುತ್ತಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಆಮೇಲೆ ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡು ಹಾಕಿ ಗುಳ್ಳೆ ಬರುತ್ತಾ ನೋಡಿ. ಇಲ್ಲೂ ಮೊದಲು ಸೇರಿಸಿದ್ದನ್ನೇ ಹುಡುಕಿ. ದೊಡ್ಡ ಟ್ಯಾಂಕಿಗೆ ಜೋಡಿಸಿದ ಹೋಸು, ಎರಡನೇ ಟ್ಯಾಂಕಿನ ವಾಲ್ವು, ಎಕ್ಸ್‌ಟ್ರಾ ಫಿಲ್ಟರಿನ ಕ್ಲ್ಯಾಂಪು. ಅದಾದ ಮೇಲೆ ಕೈಪಂಪಿನ ಡಯಾಫ್ರಮ್ ಮತ್ತು ಇಂಜೆಕ್ಟರುಗಳ ಮೇಲಿನ ಸಣ್ಣ ಬಟ್ಟೆ ಹೆಣಿಗೆಯ ರಿಟರ್ನ್ ಪೈಪುಗಳು. ಅವು ಹಳೆಯದಾದರೆ ತುದಿಯಲ್ಲಿ ಸಡಿಲವಾಗುತ್ತವೆ.

ಇದೆಲ್ಲ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಡೀಸೆಲ್) ಎಂಜಿನ್ ಆದರೆ ಹೈ ಪ್ರೆಶರ್ ಪೈಪುಗಳನ್ನು ಓಡುವಾಗ ಸಡಿಲಿಸಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು.

ಎತ್ತರಿಸಿದ ಮೇಲೆ ಬಂದ ನಡುಕ

ನಡುಕ ಬರುವ ವೇಗದಲ್ಲಿ ಖಾಲಿ ರಸ್ತೆಯಲ್ಲಿ ಹೋಗುತ್ತಾ ಗೇರ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆಫ್ ಮಾಡಬೇಡಿ. ನಡುಕ ಮುಂದುವರಿದರೆ ಟೈರು, ಶಾಫ್ಟು, ಬೇರಿಂಗ್ ಕಡೆ. ನಿಂತುಹೋದರೆ ಎಂಜಿನ್, ಕ್ಲಚ್, ಮೌಂಟಿಂಗ್ ಕಡೆ, ಇಲ್ಲವೇ ಎಳೆತ ಬಿದ್ದಾಗ ಮಾತ್ರ ಕೋನ ತಪ್ಪುವ ಶಾಫ್ಟ್. ಸ್ಟೀರಿಂಗ್ ಅಲುಗಿದರೆ ಸಾಮಾನ್ಯವಾಗಿ ಮುಂದೆ, ಸೀಟು ಅಲುಗಿದರೆ ಹಿಂದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ ಅನುಪಾತಕ್ಕೆ ತಕ್ಕಂತೆ ನಾಲ್ಕು ಸುತ್ತಿನ ಆಸುಪಾಸು ತಿರುಗುತ್ತದೆ, ಆದ್ದರಿಂದ ಟೈರಿನ ನಡುಕ ನಿಧಾನ ಕುಲುಕಾಟ, ಶಾಫ್ಟಿನದ್ದು ಸಣ್ಣಗೆ ಝುಂ ಅನ್ನುವ ನಡುಕ.

ಹಿಂದಿನ ಲೀಫ್ ಸ್ಪ್ರಿಂಗ್ ಕೆಳಗೆ ಬ್ಲಾಕ್ ಹಾಕಿದಾಗ ಹೌಸಿಂಗ್ (ಹಿಂದಿನ ಆಕ್ಸಲ್ ಕವಚ) ಕೆಳಗಿಳಿಯುತ್ತದೆ, ಶಾಫ್ಟಿನ ಕೋನ ಬದಲಾಗುತ್ತದೆ. ಎರಡು ಕ್ರಾಸ್ (ಓರೆಯಲ್ಲೂ ತಿರುಗಲು ಬಿಡುವ ಕೀಲು) ಇರುವ ಒಂದೇ ತುಂಡಿನ ಶಾಫ್ಟಿನಲ್ಲಿ ಎರಡೂ ತುದಿಯ ಕೋನ ಹೆಚ್ಚುಕಡಿಮೆ ಸಮವಾಗಿರಬೇಕು, ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಕ್ರಾಸ್ ಪ್ರತಿ ಸುತ್ತಿನಲ್ಲಿ ವೇಗವನ್ನು ಎರಡು ಸಲ ಏರಿಳಿಸುತ್ತದೆ, ಇನ್ನೊಂದು ಅದನ್ನು ಸರಿದೂಗಿಸುತ್ತದೆ. ಕೋನ ಸಮವಿಲ್ಲದಿದ್ದರೆ ಸರಿದೂಗುವುದಿಲ್ಲ, ನಡುಕ ಉಳಿಯುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಗೇರ್‌ಬಾಕ್ಸ್ ಫ್ಲ್ಯಾಂಜ್, ಶಾಫ್ಟ್, ಡಿಫರೆನ್ಷಿಯಲ್ ಫ್ಲ್ಯಾಂಜ್ ಮೂರರ ಓರೆಯನ್ನೂ ಅಳೆಯಬಹುದು, ಗಾಡಿ ಚಕ್ರದ ಮೇಲೆ ಭಾರ ಬಿಟ್ಟು ಸಮತಟ್ಟಾಗಿ ನಿಂತಿರಬೇಕು. ವ್ಯತ್ಯಾಸ ಇದ್ದರೆ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಓರೆ ಶಿಮ್ (ತೆಳು ಲೋಹದ ಬೆಣೆ) ಹಾಕಬೇಕು. ಎರಡು ತುಂಡಿನ ಶಾಫ್ಟ್ ಆದರೆ ಸೆಂಟರ್ ಬೇರಿಂಗನ್ನು ಸ್ವಲ್ಪ ಕೆಳಗಿಳಿಸುವುದೂ ಬೇಕಾಗಬಹುದು. ನಿಂತಲ್ಲಿಂದ ಹೊರಡುವಾಗ ಮಾತ್ರ ನಡುಗುವ ಗಾಡಿಯಲ್ಲಿ ಮೊದಲು ಈ ಬೇರಿಂಗ್ ನೋಡಿ.

ಶಾಫ್ಟ್ ಬಿಚ್ಚುವ ಮುಂಚೆ ಎರಡೂ ತುದಿಗೆ, ಜಾರುವ ಸ್ಪ್ಲೈನ್ (ಹಲ್ಲಿನ ಜೋಡಣೆ) ಜಾಗಕ್ಕೆ ಪೇಂಟಿನ ಗುರುತು ಹಾಕಿ. ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ಹೊಸ ನಡುಕ ಶುರು. ಕ್ರಾಸಿನ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ, ಅಲುಗದಿದ್ದರೂ ಬದಲಾಯಿಸಿ.

ಟೈರಿನ ಬಗ್ಗೆ ಒಂದು ಮಾತು. 235/75 ಆರ್15 ಟೈರಿನ ವ್ಯಾಸ ಸುಮಾರು 733 ಮಿಲಿಮೀಟರ್. ಅದರ ಬದಲು 31 ಇಂಚಿನದು ಹಾಕಿದರೆ 787. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 86ರ ಹತ್ತಿರ ಓಡುತ್ತಿರುತ್ತದೆ, ಓಡೋಮೀಟರ್ ಕೂಡ ಕಡಿಮೆ ತೋರಿಸುತ್ತದೆ. ಮೈಲೇಜ್ ಬಿತ್ತು ಅಂತ ಇಂಜೆಕ್ಟರ್ ಬಿಚ್ಚಿಸುವ ಮುಂಚೆ ಈ ಲೆಕ್ಕ ಸರಿ ಮಾಡಿಕೊಳ್ಳಿ.

ಬ್ರೇಕ್ ಹಿಡಿಯುವುದು ಕಡಿಮೆಯಾಗಿದೆ

ಲಿಫ್ಟ್ ಮಾಡಿದ ಮೇಲೆ ಮುಂದಿನ ಪ್ಯಾಡ್ ಬೇಗ ಸವೆಯುತ್ತಿದೆ, ಬ್ರೇಕ್ ಹಾಕಿದರೆ ಮೂತಿ ಜಾಸ್ತಿ ಕುಕ್ಕುತ್ತದೆ, ನಿಲ್ಲಲು ಹೆಚ್ಚು ದೂರ ಬೇಕು. ಮಾಸ್ಟರ್ ಸಿಲಿಂಡರ್ ಬದಲಾಯಿಸಿದರೂ ಅಷ್ಟೇ. ಹಿಂದಿನ ಹೌಸಿಂಗ್ ಮೇಲೆ ನೋಡಿ. ಟೊಯೊಟಾ ಹಿಲಕ್ಸ್ ಥರದ ಎಷ್ಟೋ ಪಿಕಪ್‌ಗಳಲ್ಲಿ ಅಲ್ಲಿ ಒಂದು ರಾಡು ಚಾಸಿ ಮೇಲಿನ ವಾಲ್ವಿಗೆ ಸೇರಿರುತ್ತದೆ. ಹಿಂದೆ ಭಾರ ಇದ್ದಾಗ ಚಾಸಿ ಕೆಳಗಿಳಿಯುತ್ತದೆ, ಆ ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಎತ್ತರಿಸಿದಾಗ ಚಾಸಿಯೂ ಹೌಸಿಂಗೂ ದೂರವಾಗುತ್ತವೆ, ವಾಲ್ವಿನ ಪಾಲಿಗೆ ಗಾಡಿ ಸದಾ ಖಾಲಿ. ಹಿಂದಿನ ಬ್ರೇಕಿಗೆ ಸಾಕಷ್ಟು ಒತ್ತಡ ಹೋಗುವುದಿಲ್ಲ. ಬ್ಲಾಕಿನ ಎತ್ತರಕ್ಕೆ ತಕ್ಕ ಹಾಗೆ ರಾಡಿನ ಬ್ರ್ಯಾಕೆಟ್ ಎತ್ತರಿಸಿ, ಆ ಗಾಡಿಯ ಸರ್ವಿಸ್ ಕೈಪಿಡಿಯ ಅಳತೆಗೆ ಹೊಂದಿಸಬೇಕು. ವಾಲ್ವನ್ನೇ ತೆಗೆದು ನೇರ ಪೈಪ್ ಹಾಕಿದರೆ ಖಾಲಿ ಗಾಡಿಯಲ್ಲಿ, ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆ ದಾರಿ ಬೇಡವೇ ಬೇಡ. ಅಲ್ಲೇ ಇರುವಾಗ ರಬ್ಬರ್ ಬ್ರೇಕ್ ಹೋಸ್ ಕೂಡ ನೋಡಿ, ಚಕ್ರ ಪೂರ್ತಿ ಇಳಿಬಿದ್ದಾಗ ಅದು ಬಿಗಿದುಕೊಂಡಿರಬಾರದು.

ಎಂಜಿನ್ ಬಿಸಿಯಾಗುತ್ತಿದೆ

ಯಾವಾಗ ಬಿಸಿಯಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನಿಂತಲ್ಲಿ, ನಿಧಾನ ಓಡಿಸುವಾಗ ಬಿಸಿಯಾಗಿ, ವೇಗ ಹಿಡಿದಾಗ ಬಿಸಿ ಇಳಿದರೆ ಫ್ಯಾನಿನ ದೋಷ. ವೇಗದಲ್ಲಿ ಓಡುವಾಗಲೇ ಏರಿದರೆ ರೇಡಿಯೇಟರಿನ ಒಳಗೆ ನೀರೋ ಹೊರಗೆ ಗಾಳಿಯೋ ಸರಿಯಾಗಿ ಹೋಗುತ್ತಿಲ್ಲ. ಗ್ರಿಲ್ ಮುಂದೆ ಅಗಲವಾದ ಲೈಟ್ ಬಾರ್, ವಿಂಚು, ನಂಬರ್ ಪ್ಲೇಟು ಕೂರಿಸಿದ್ದರೆ ಅವನ್ನು ತೆಗೆದು ಒಮ್ಮೆ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಬಾಡಿ ಲಿಫ್ಟ್ ಮಾಡಿದ ಗಾಡಿಯಲ್ಲಿ ಇನ್ನೊಂದು ವಿಷಯ ಇದೆ. ಎಷ್ಟೋ ಪಿಕಪ್‌ಗಳಲ್ಲಿ ರೇಡಿಯೇಟರ್ ಬಾಡಿಗೆ ಸೇರಿರುತ್ತದೆ, ಫ್ಯಾನ್ ಎಂಜಿನ್‌ಗೆ. ಬಾಡಿ ಎರಡು ಮೂರು ಇಂಚು ಏರಿದಾಗ ರೇಡಿಯೇಟರ್ ಜೊತೆಗೇ ಏರುತ್ತದೆ, ಫ್ಯಾನ್ ಇದ್ದಲ್ಲೇ ಇರುತ್ತದೆ. ಈಗ ಫ್ಯಾನ್ ಸುತ್ತಲಿನ ಕವಚದ ನಡುವೆ ಇಲ್ಲ, ಕೆಳ ಅಂಚಿಗೆ ಅಂಟಿಕೊಂಡಿದೆ. ಕೆಲವರು ತಗಲುತ್ತದೆ ಅಂತ ಕವಚವನ್ನೇ ಕಿತ್ತು ಬಿಸಾಡುತ್ತಾರೆ. ಆಮೇಲೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ತಿರುವಿಹಾಕುತ್ತದೆ. ಥರ್ಮೋಸ್ಟಾಟ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಕವಚವನ್ನು ಕೆಳಗಿಳಿಸಿ ಕೂರಿಸುವ ಬ್ರ್ಯಾಕೆಟ್ ಮಾಡಿಸಿ, ಇಲ್ಲಾಂದ್ರೆ ರೇಡಿಯೇಟರನ್ನೇ ಹಳೇ ಎತ್ತರಕ್ಕೆ ಇಳಿಸಿ. ಕವಚಕ್ಕೂ ಫ್ಯಾನಿನ ರೆಕ್ಕೆಗೂ ಸುತ್ತಲೂ ಒಂದೇ ಅಂತರ ಇರಬೇಕು.

ಇವೆಲ್ಲ ಸರಿ ಇದ್ದೂ ಬಿಸಿಯಾದರೆ, ರಾತ್ರಿ ಗಾಡಿ ಪೂರ್ತಿ ತಣ್ಣಗಾಗಲು ಬಿಟ್ಟು, ಕ್ಯಾಪ್ ತೆರೆದು ಮುಚ್ಚಿ, ಬೆಳಗ್ಗೆ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಮೇಲಿನ ಹೋಸ್ ಹಿಸುಕಿ ನೋಡಿ. ನೀರು ಇನ್ನೂ ತಣ್ಣಗಿರುವಾಗಲೇ ಹೋಸ್ ಗಟ್ಟಿಯಾಗಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಅಥವಾ ಹೆಡ್ ಬಿರಿದಿದೆ. ಕಾದ ರೇಡಿಯೇಟರಿನ ಕ್ಯಾಪ್ ಮಾತ್ರ ಯಾವತ್ತೂ ತೆರೆಯಬೇಡಿ. ಗ್ಯಾಸ್ಕೆಟ್ ಹೋಗಿದ್ದು ಖಾತ್ರಿಯಾದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಹೆಡ್ ಬಿಚ್ಚಿ ಮಟ್ಟ ನೋಡಿಸುವ ತನಕ ಓಡಿಸಬೇಡಿ.